ಇಳಿವಯಸ್ಸಿನ ಕೈಯಲ್ಲಿ ಎಂಜಿನ್ ಇಲ್ಲದ ವಿಮಾನ

ಅಸರ್ ನಮಾಝ್ ಮುಗಿಸಿ ಪರಶುರಾಂಪುರದ ಊರಾಚೆ, ಶೇಂಗಾ ಕಿತ್ತು ಖಾಲಿಯಾದ ಹೊಲಗಳ ಕಡೆ ಹೋದರೆ ಕೆಲವು ಸಂಜೆ ಒಂದು ನೋಟ ಸಿಗುತ್ತದೆ. ತಲೆಗೆ ಬಿಳಿ ಟೊಪ್ಪಿ, ಕೊರಳಿಗೆ ನೇತುಹಾಕಿದ ರಿಮೋಟ್, ಪಕ್ಕದಲ್ಲೊಂದು ಪ್ಲಾಸ್ಟಿಕ್ ಕುರ್ಚಿ. ಎಪ್ಪತ್ತಕ್ಕೆ ಒಂದೇ ವರ್ಷ ಬಾಕಿ ಇರುವ ಹಿರಿಯರೊಬ್ಬರು ಆಕಾಶ ನೋಡುತ್ತ ನಿಂತಿರುತ್ತಾರೆ. ಮೇಲೆ, ತೆಂಗಿನ ಮರದ ಮೂರು ಪಟ್ಟು ಎತ್ತರದಲ್ಲಿ, ಆರಡಿ ರೆಕ್ಕೆಯ ಬಿಳಿ ವಿಮಾನವೊಂದು ಸದ್ದೇ ಇಲ್ಲದೆ ಸುತ್ತು ಹೊಡೆಯುತ್ತಿರುತ್ತದೆ. ಅದಕ್ಕೆ ಎಂಜಿನ್ ಇಲ್ಲ, ತಿರುಗುವ ಫ್ಯಾನೂ ಇಲ್ಲ. ಸುತ್ತ ನಿಂತ ಮಕ್ಕಳು "ಇನ್ನೂ ಮ್ಯಾಕೆ ತಾತ, ಇನ್ನೂ ಮ್ಯಾಕೆ" ಅಂತ ಕೂಗುತ್ತಿರುತ್ತಾರೆ.

ಆ ಹಿರಿಯರು ಬೇರೆ ಯಾರೂ ಅಲ್ಲ, ನಮ್ಮ ಉಪ್ಪ. ಮನೆಯವರ ಬಗ್ಗೆ ಪತ್ರಿಕೆಯಲ್ಲಿ ಬರೆಯುವುದಕ್ಕೆ ನಮಗೆ ಸಂಕೋಚವಿದೆ. ಆದರೂ ಬರೆಯುತ್ತಿದ್ದೇವೆ. ಏಕೆಂದರೆ ಈ ಆಟವನ್ನು ಒಮ್ಮೆ ನಿಲ್ಲಿಸಿದವರೂ ನಾವೇ. ನಾವು ಮಾಡಿದ ತಪ್ಪನ್ನು ಇನ್ನೂ ಹಲವು ಮನೆಗಳಲ್ಲಿ ಮಕ್ಕಳು ಮಾಡುತ್ತಿರಬಹುದು ಅಂತ ಅನಿಸುತ್ತದೆ.

ಬಿಡುವು ಎಂಬ ಭಾರ

ಉಪ್ಪ ಶಾರ್ಜಾದಲ್ಲಿ ಇಪ್ಪತ್ತೇಳು ವರ್ಷ ಬಡಗಿ ಕೆಲಸ ಮಾಡಿದವರು. ಬಾಗಿಲು, ಕಪಾಟು, ಅಂಗಡಿಗಳ ಕೌಂಟರ್ ಹೀಗೆ ಅವರ ಕೈಯಲ್ಲಿ ಆಗದ ಕೆಲಸವಿರಲಿಲ್ಲ. ಊರಿಗೆ ಮರಳಿದ ಕೆಲವೇ ವರ್ಷಗಳಲ್ಲಿ ಉಮ್ಮ ತೀರಿಕೊಂಡರು. ಮದ್ರಸ ಕೆಲಸಕ್ಕೆಂದು ಕರಾವಳಿಯಿಂದ ಬಯಲುಸೀಮೆಗೆ ಬಂದಿದ್ದ ನಾವು, ಅವರೊಬ್ಬರನ್ನೇ ಊರಲ್ಲಿ ಬಿಡುವುದು ಬೇಡವೆಂದು ಇಲ್ಲಿಗೆ ಕರೆತಂದೆವು.

ಕಡಲು, ಮಳೆ, ತೆಂಗು ನೋಡಿ ಬೆಳೆದವರಿಗೆ ಚಳ್ಳಕೆರೆ ಸೀಮೆ ಬೇರೆಯೇ ಲೋಕ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಇದೂ ಒಂದು. ವರ್ಷದ ಬಹುಕಾಲ ವೇದಾವತಿಯಲ್ಲಿ ಮರಳೇ ಹೆಚ್ಚು. ಆಂಧ್ರದ ಗಡಿ ಹತ್ತಿರ, ಹಾಗಾಗಿ ಕನ್ನಡದ ಜೊತೆ ತೆಲುಗೂ ಕಿವಿಗೆ ಬೀಳುತ್ತದೆ. ಜಮಾಅತಿನವರ ಮನೆಮಾತು ಉರ್ದು. ಗಲ್ಫಿನ ಹಿಂದಿಯಲ್ಲಿ ಉಪ್ಪ ಮಾತನ್ನೇನೋ ಸಂಭಾಳಿಸಿದರು. ಆದರೆ ಕೈಗೆ ಕೆಲಸವಿರಲಿಲ್ಲ. ಒಂದು ನಮಾಝ್ ಮುಗಿಸಿ ಬಂದು ಜಗುಲಿಯಲ್ಲಿ ಕೂತು ಮುಂದಿನ ಬಾಂಗಿಗೆ ಕಾಯುವುದೇ ದಿನಚರಿಯಾಯಿತು.

ನಮ್ಮ ಬ್ಯಾರಿ ಮನೆಗಳಲ್ಲಿ ಇಂಥ ಹಿರಿಯರು ಎಷ್ಟು ಮಂದಿ! ಯೌವನವನ್ನೆಲ್ಲ ಪರದೇಶದಲ್ಲಿ ಕಳೆದು, ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ ಮರಳಿದವರು. ಮನೆಯಲ್ಲಿ ಊಟಕ್ಕೆ, ಔಷಧಿಗೆ ಏನೂ ಕೊರತೆಯಿಲ್ಲ. ಆದರೆ "ನೀವು ಸುಮ್ಮನೆ ಕೂತ್ಕೊಳ್ಳಿ" ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಹೆಚ್ಚಿನ ಜನರು ನಷ್ಟ ಮಾಡಿಕೊಳ್ಳುವ ಎರಡು ಅನುಗ್ರಹಗಳು ಆರೋಗ್ಯ ಮತ್ತು ಬಿಡುವು ಎಂದು ಪ್ರವಾದಿ (ಸ) ಎಚ್ಚರಿಸಿದ್ದನ್ನು ಸಹೀಹ್ ಬುಖಾರಿಯಲ್ಲಿ ಓದುತ್ತೇವೆ. ಆ ಹದೀಸನ್ನು ಯುವಕರಿಗೆ ಹೇಳುತ್ತೇವೆ. ಹಿರಿಯರ ಬಿಡುವಿನ ಬಗ್ಗೆ ಯೋಚಿಸುವುದಿಲ್ಲ.

ಚಳ್ಳಕೆರೆಗೆ ಇಳಿದ ಪುಷ್ಪಕ್

2023ರ ಏಪ್ರಿಲ್ 2. ರಮಝಾನ್ ತಿಂಗಳು. ಆ ದಿನ ಸುದ್ದಿಯಲ್ಲೆಲ್ಲ ನಮ್ಮ ಚಳ್ಳಕೆರೆಯೇ. ಮರುಬಳಕೆಯ ಉಡಾವಣಾ ವಾಹನವನ್ನು ಇಸ್ರೋ ಇಲ್ಲಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನ ರನ್‌ವೇ ಮೇಲೆ ಇಳಿಸಿತ್ತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಕೆಳಗೆ ತೂಗುಹಾಕಿಕೊಂಡು ಬೆಳಿಗ್ಗೆ 7.10ಕ್ಕೆ ಮೇಲೇರಿತು. ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟಿತು. ಒಳಗೆ ಮನುಷ್ಯರಿಲ್ಲ, ಓಡುವ ಎಂಜಿನ್ ಇಲ್ಲ. ತನ್ನಷ್ಟಕ್ಕೆ ದಿಕ್ಕು ಸರಿಪಡಿಸಿಕೊಂಡು 7.40ಕ್ಕೆ ನೆಲ ಮುಟ್ಟಿತು.

ಮುಂದಿನ ವರ್ಷ ಮಾರ್ಚ್ 22ರಂದು, ಅದೂ ರಮಝಾನಿನ ಒಂದು ಶುಕ್ರವಾರ, ಎರಡನೇ ಪ್ರಯೋಗ ನಡೆಯಿತು. ಆಗ ಅದನ್ನು ರನ್‌ವೇಯ ನೇರಕ್ಕೆ ಬಿಡದೆ 150 ಮೀಟರ್ ಪಕ್ಕಕ್ಕೆ ಬಿಟ್ಟರು. 2024ರ ಜೂನ್ 23ರಂದು, ಬಕ್ರೀದ್ ಕಳೆದ ವಾರದಲ್ಲಿ, ಮೂರನೆಯದು. ಈ ಸಲ 500 ಮೀಟರ್ ಪಕ್ಕಕ್ಕೆ. ಮೂರು ಸಲವೂ ಕ್ಷೇಮವಾಗಿ ಇಳಿಯಿತು. 'ಪುಷ್ಪಕ್' ಎಂದು ಹೆಸರಿಟ್ಟಿರುವ ಅದು ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟುತ್ತದೆ. ಪ್ರಯಾಣಿಕ ವಿಮಾನಗಳದು ಸುಮಾರು 260 ಕಿ.ಮೀ.

ಈ ರೇಂಜ್ 2017ರ ಮೇ 28ರಂದು ಉದ್ಘಾಟನೆಯಾದದ್ದು. ಡಿಆರ್‌ಡಿಒ ಪೈಲಟ್ ಇಲ್ಲದ ವಿಮಾನಗಳನ್ನು ಇಲ್ಲಿ ಪರೀಕ್ಷಿಸುತ್ತದೆ. ಅದಕ್ಕೂ ಮೊದಲು ಇಲ್ಲಿದ್ದದ್ದು ಅಮೃತ್ ಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲೂ, ಸೇನೆಯ ಸಾಮಾನು ಎಳೆಯುವ ಎತ್ತುಗಳ ತಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಆ ಭೂಮಿ ಕೈತಪ್ಪಿದ ಕುರಿಗಾಹಿಗಳ ನೋವು ಇಲ್ಲಿಯ ಹಳ್ಳಿಗಳಲ್ಲಿ ಈಗಲೂ ಇದೆ. ಅದು ಬೇರೆಯೇ ಬರೆಯಬೇಕಾದ ವಿಷಯ.

ಉಪ್ಪ ಆ ಮೊದಲ ವಿಡಿಯೋವನ್ನು ನಮ್ಮ ಮಗಳ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದರು. ಕೊನೆಗೆ, "ಇದನ್ನು ನಾನು ನೋಡಿದ್ದೇನೆ, ಸಣ್ಣದು" ಅಂದರು. ಶಾರ್ಜಾದಲ್ಲಿದ್ದಾಗ ಶುಕ್ರವಾರದ ರಜೆಯಲ್ಲಿ ಮರಳುಗಾಡಿನ ಕಡೆ ಹೋದರೆ, ಬಿಳಿ ಕೂದಲಿನ ಪರದೇಶದವರು ಕಾರಿನ ಡಿಕ್ಕಿಯಿಂದ ಉದ್ದ ರೆಕ್ಕೆಯ ವಿಮಾನ ತೆಗೆದು ಹಾರಿಸುತ್ತಿದ್ದರಂತೆ. ಬಡಗಿಯ ಕಣ್ಣಿಗೆ ಕಂಡದ್ದು ಹಾರಾಟಕ್ಕಿಂತ ಹೆಚ್ಚಾಗಿ ಕಟ್ಟಿದ ರೀತಿ. "ಅಷ್ಟು ತೆಳ್ಳಗಿನ ಮರವನ್ನು ಹೇಗೆ ಬಗ್ಗಿಸಿದ್ದಾರೆ ಅಂತ ನೋಡ್ತಿದ್ದೆ" ಅಂದರು.

ಕರಗಿಹೋದ ಮೊದಲ ರೆಕ್ಕೆ

ಇಂಥ ವಿಮಾನಕ್ಕೆ ಗ್ಲೈಡರ್ ಎನ್ನುತ್ತಾರೆ. ಕೆಲಸ ಮಾಡುವ ಬಗೆ ಸರಳ. ಮೇಲಕ್ಕೆ ಕೊಂಡೊಯ್ದು ಬಿಟ್ಟರೆ ಅದು ಗಾಳಿಯಲ್ಲಿ ಜಾರುತ್ತ ಇಳಿಯುತ್ತದೆ. ಚೆನ್ನಾಗಿ ಕಟ್ಟಿದ್ದರೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಹತ್ತು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಪುಷ್ಪಕ್ ಹಾಗಲ್ಲ. ಭಾರ ಹೆಚ್ಚು, ರೆಕ್ಕೆ ಗಿಡ್ಡ. ಕಳೆದ ಪ್ರಯೋಗದಲ್ಲಿ ಅದನ್ನು ಬಿಟ್ಟದ್ದು ನಾಲ್ಕೂವರೆ ಕಿ.ಮೀ. ಎತ್ತರದಿಂದ, ರನ್‌ವೇಗೆ ಇದ್ದ ದೂರವೂ ನಾಲ್ಕೂವರೆ ಕಿ.ಮೀ. ಅಷ್ಟು ಕಡಿದಾಗಿ ಇಳಿಯುತ್ತದೆ.

ಉಪ್ಪನ ಮೊದಲ ವಿಮಾನ ಥರ್ಮಾಕೋಲಿನದು. ನಡುವೆ ಬಲಕ್ಕೆ ಹಳೇ ಕೊಡೆಯ ಕಡ್ಡಿ. ಎರಡು ದಿನ ಉಜ್ಜಿ ರೆಕ್ಕೆಯ ಆಕಾರ ತಂದರು. ಮೂರನೇ ದಿನ ಜೋಡಿಸುವಾಗ ಬೇಗ ಒಣಗಲಿ ಅಂತ ಕ್ವಿಕ್ ಗಮ್ ಹಚ್ಚಿದರು. ಥರ್ಮಾಕೋಲ್ ಕಣ್ಣೆದುರೇ ಕರಗಿ ತೂತು ಬಿತ್ತು. ಆ ಅಂಟು ಥರ್ಮಾಕೋಲನ್ನು ತಿನ್ನುತ್ತದೆ, ಬಡಗಿಗಳ ಬಿಳಿ ಗೋಂದೇ ಅದಕ್ಕೆ ಸರಿ ಎಂದು ಆಮೇಲೆ ತಿಳಿಯಿತು. ನಲವತ್ತು ವರ್ಷ ಬಿಳಿ ಗೋಂದು ಹಚ್ಚಿದ ಕೈ ನಾಚಿತು.

ಎರಡನೆಯದು ಬಾಲ್ಸಾ ಎಂಬ ಹಗುರ ಮರದ್ದು. ಬೆಂಗಳೂರಿನಿಂದ ಕೊರಿಯರಿನಲ್ಲಿ ಬಂದ ಆ ಹಲಗೆಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಉಪ್ಪ ನಕ್ಕುಬಿಟ್ಟರು. "ಇದು ಮರವಾ, ಹಪ್ಪಳವಾ?" ರೆಕ್ಕೆಯೊಳಗಿನ ಪಕ್ಕೆಲುಬುಗಳನ್ನು ಒಂದೊಂದಾಗಿ ಕತ್ತರಿಸಿ, ಸಾಲಾಗಿ ಜೋಡಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಇಸ್ತ್ರಿಪೆಟ್ಟಿಗೆಯ ಬಿಸಿಯಲ್ಲಿ ಬಿಗಿ ಮಾಡಿದರು. ಏಳನೇ ಕ್ಲಾಸಿನ ಮೊಮ್ಮಗಳು ಹಿಡಿದುಕೊಳ್ಳುವವಳು, ಇವರು ಅಂಟಿಸುವವರು.

ರಿಮೋಟಿನ ಮಾತು ಕೇಳಲು ಒಳಗೆ ಒಂದು ರಿಸೀವರ್, ಒಂದು ಸಣ್ಣ ಬ್ಯಾಟರಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಎರಡು ಸರ್ವೋ ಮೋಟರ್. ಒಂದು ಮೋಟರ್ ಬಾಲದ ಅಡ್ಡ ಹಲಗೆಯನ್ನು ಎತ್ತಿ ಇಳಿಸುತ್ತದೆ, ಅದರಿಂದ ಮೂತಿ ಮೇಲೆ ಕೆಳಗೆ. ಇನ್ನೊಂದು ಬಾಲದ ನಿಂತ ಹಲಗೆಯನ್ನು ತಿರುಗಿಸುತ್ತದೆ, ಅದರಿಂದ ಎಡ ಬಲ. ಇಡೀ ವಿಮಾನದ ತೂಕ ಮುಕ್ಕಾಲು ಕಿಲೋಕ್ಕಿಂತ ಕಡಿಮೆ.

ಎಲ್ಲಕ್ಕಿಂತ ಮುಖ್ಯ ತೂಕದ ಹೊಂದಾಣಿಕೆ. ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಸುಮಾರು ಮೂರನೇ ಒಂದು ಭಾಗದಲ್ಲಿ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ತಕ್ಕಡಿಯಂತೆ ಸಮ ನಿಲ್ಲಬೇಕು. ಹಿಂದೆ ಭಾರವಾದರೆ ಮೂತಿ ಎತ್ತಿ ಬೀಳುತ್ತದೆ, ಮುಂದೆ ಭಾರವಾದರೆ ನೆಲಕ್ಕೆ ಗುದ್ದುತ್ತದೆ. ಉಪ್ಪ ಮೂತಿಯೊಳಗೆ ಮೀನಿನ ಬಲೆಯ ಸೀಸದ ಗುಂಡು ತುಂಬಿ ಸಮ ಮಾಡಿದರು. ಕಡಲೂರಿನವರ ಬುದ್ಧಿ!

ನಾವು ಮಾಡಿದ ತಪ್ಪು

ಮೊದಮೊದಲು ಅದು ಹಾರುವುದಕ್ಕಿಂತ ಬೀಳುವುದೇ ಹೆಚ್ಚು. ಊರಲ್ಲಿ ಮಾತು ಶುರುವಾಯಿತು. ಒಂದು ಜುಮಾ ದಿನ ಮಸೀದಿ ಮೆಟ್ಟಿಲಲ್ಲಿ ಒಬ್ಬರು ನಗುತ್ತಲೇ, "ಏನ್ ಹಜ್ರತ್, ನೀವು ಮಕ್ಕಳಿಗೆ ಪಾಠ ಹೇಳ್ತೀರಿ, ನಿಮ್ ವಾಲಿದ್ ಸಾಬ್ ಮಕ್ಕಳ ಜೊತೆ ಆಟ ಆಡ್ತಾರೆ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ನಮಗೆ ಮುಖ ಚಿಕ್ಕದಾಯಿತು. ಮನೆಗೆ ಬಂದವರೇ ಉಪ್ಪನಿಗೆ ಹೇಳಿದೆವು: "ಉಪ್ಪ, ಇದೆಲ್ಲ ಬೇಡ. ಜನ ನಗ್ತಾರೆ. ಬಿಸಿಲಲ್ಲಿ ಎಲ್ಲಾದರೂ ಬಿದ್ದರೆ ಏನು ಗತಿ? ಈ ವಯಸ್ಸಿನಲ್ಲಿ ತಸ್ಬೀಹ್ ಹಿಡಿದು ಕೂತರೆ ಸಾಲದಾ?"

ಉಪ್ಪ ಎದುರಾಡಲಿಲ್ಲ. ವಿಮಾನವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು.

ಎರಡು ತಿಂಗಳು ಕಳೆಯಿತು. ಉಪ್ಪ ತಸ್ಬೀಹ್ ಹಿಡಿದೇ ಕೂತಿದ್ದರು, ಅದನ್ನು ಅವರು ಮೊದಲೂ ಬಿಟ್ಟಿರಲಿಲ್ಲ. ಆದರೆ ಊಟ ಕಡಿಮೆಯಾಯಿತು. ರಾತ್ರಿ ನಿದ್ದೆಯಿಲ್ಲ. ಮೊಮ್ಮಗಳು ಏನಾದರೂ ಕೇಳಿದರೆ "ಹೂಂ" ಅಷ್ಟೆ. ಡಾಕ್ಟರ್ ಬಿ.ಪಿ. ನೋಡಿ, ಮಾತ್ರೆ ಬದಲಿಸಿ, "ಇವರು ದಿನಾ ಏನು ಮಾಡ್ತಾರೆ?" ಅಂತ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಕುರ್ತುಬಾದ ಹಿರಿಯರು

ಆ ದಿನಗಳಲ್ಲೇ ಮದ್ರಸದ ದೊಡ್ಡ ಮಕ್ಕಳಿಗೆ ಅಂದಲುಸಿನ ಚರಿತ್ರೆ ಹೇಳುತ್ತಿದ್ದೆವು. ಅಬ್ಬಾಸ್ ಇಬ್ನ್ ಫಿರ್ನಾಸ್ ಹೆಸರು ಬಂತು. ಒಂಬತ್ತನೇ ಶತಮಾನದಲ್ಲಿ ಕುರ್ತುಬಾ ನಗರದಲ್ಲಿದ್ದ ಕವಿ, ವಿಜ್ಞಾನಿ. ನೀರಿನ ಗಡಿಯಾರ ಮಾಡಿದವರು. ಮೈಗೆ ಗರಿ, ಕೈಗೆ ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಹಾರಿ, ಸ್ವಲ್ಪ ದೂರ ತೇಲಿ, ಇಳಿಯುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡರೆಂದು ಹದಿನೇಳನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ಬರೆದಿದ್ದಾರೆ. ಹಕ್ಕಿ ಇಳಿಯುವಾಗ ಬಾಲ ಬಳಸುತ್ತದೆ, ಇವರು ಬಾಲ ಕಟ್ಟಿಕೊಂಡಿರಲಿಲ್ಲ, ಅದೇ ಕಾರಣ ಎಂದೂ ಅದರಲ್ಲಿದೆ. ಚಂದ್ರನ ಮೇಲಿನ ಒಂದು ಕುಳಿಗೆ ಇಂದು ಅವರ ಹೆಸರಿದೆ.

ಒಬ್ಬ ಹುಡುಗ ಎದ್ದು ಕೇಳಿದ: "ಉಸ್ತಾದ್, ಅವಾಗ ಅವರಿಗೆ ಎಷ್ಟು ವಯಸ್ಸು?"

ಲೆಕ್ಕ ಹಾಕಿದೆವು. ಜನನ ಸುಮಾರು 810ರಲ್ಲಿ, ಹಾರಿದ್ದು ಸುಮಾರು 875ರಲ್ಲಿ. ಅಂದರೆ ಅರವತ್ತೈದರ ಆಸುಪಾಸು. ಆಮೇಲೂ 887ರವರೆಗೆ ಬದುಕಿದ್ದರು. ಬೋರ್ಡಿನ ಮೇಲೆ ಆ ಅಂಕಿ ಬರೆದ ಮೇಲೆ ನಮಗೆ ಪಾಠ ಮುಂದುವರಿಸಲು ಆಗಲಿಲ್ಲ. ಕುರ್ತುಬಾದ ಹಿರಿಯರನ್ನು ಮಕ್ಕಳೆದುರು ಹೊಗಳುತ್ತೇವೆ, ಮನೆಯ ಹಿರಿಯರ ವಿಮಾನವನ್ನು ಕಪಾಟಿನ ಮೇಲೇರಿಸುತ್ತೇವೆ.

ಆ ರಾತ್ರಿ ಇಶಾ ಕಳೆದು ಉಪ್ಪ ಎಂದಿನಂತೆ ಸೂರತುಲ್ ಮುಲ್ಕ್ ಓದುತ್ತಿದ್ದರು. ನಮ್ಮ ಮನೆಗಳಲ್ಲಿ ಮಲಗುವ ಮುಂಚೆ ಓದುವ ಸೂರತ್ ಅದು. ತಲೆಯ ಮೇಲೆ ರೆಕ್ಕೆ ಬಿಚ್ಚಿ ಮಡಚುವ ಹಕ್ಕಿಗಳನ್ನು ನೋಡಲು, ಅವುಗಳನ್ನು ಆಕಾಶದಲ್ಲಿ ಹಿಡಿದಿಟ್ಟವನು ಯಾರೆಂದು ಯೋಚಿಸಲು ಅದರ 19ನೇ ಆಯತ್ ಕರೆಯುತ್ತದೆ. ವರ್ಷಗಳಿಂದ ಓದಿಸುತ್ತ ಬಂದಿದ್ದರೂ ನಾವು ತಲೆಯೆತ್ತಿ ನೋಡಿದ್ದು ಕಡಿಮೆ. ಓದು ಮುಗಿಯುವವರೆಗೆ ಕಾದು, ಕುರ್ಚಿ ಹತ್ತಿ, ಕಪಾಟಿನ ಮೇಲಿದ್ದ ಬಟ್ಟೆಯ ಗಂಟು ಇಳಿಸಿ ಅವರ ಮುಂದಿಟ್ಟೆವು. ಉಪ್ಪ ಬಿಚ್ಚಿ ನೋಡಿ, "ಬಾಲದ ಅಂಟು ಬಿಟ್ಟಿದೆ" ಅಂದರು. ಅಷ್ಟೇ ಮಾತು. ಮರುದಿನ ಸುಬ್ಹಿ ಮುಗಿಸಿ ಬಂದಾಗ ಗೋಂದಿನ ಡಬ್ಬಿ ಜಗುಲಿಯಲ್ಲಿತ್ತು.

ಕೈ ಬಿಟ್ಟರೆ ತಾನೇ ಹಾರುತ್ತದೆ

ಈಗ ನಾವೂ ಜೊತೆಗೆ ಹೋಗುತ್ತೇವೆ. ಹಾರಿಸುವುದಕ್ಕೆ ಒಂದು ಗೂಟ, ಹತ್ತು ಮೀಟರ್ ರಬ್ಬರ್ ಟ್ಯೂಬ್, ಅದರ ತುದಿಗೆ ನಲವತ್ತು ಮೀಟರ್ ನೈಲಾನ್ ದಾರ. ದಾರದ ಉಂಗುರವನ್ನು ವಿಮಾನದ ಹೊಟ್ಟೆಯ ಕೊಕ್ಕೆಗೆ ಹಾಕಿ, ಗಾಳಿಗೆ ಎದುರಾಗಿ ಹಿಂದಕ್ಕೆ ಎಳೆದು ಬಿಟ್ಟರೆ ಗಾಳಿಪಟದಂತೆ ಮೇಲೇರುತ್ತದೆ. ತುದಿಗೆ ಮುಟ್ಟಿದ ಮೇಲೆ ಉಂಗುರ ತಾನಾಗಿ ಕಳಚುತ್ತದೆ. ಅಲ್ಲಿಂದ ಇಳಿಯಲು ಸಂಜೆಯ ತಣ್ಣನೆ ಗಾಳಿಯಲ್ಲಿ ಒಂದೂವರೆ, ಎರಡು ನಿಮಿಷ.

ಒಂದು ದಿನ ಉಪ್ಪ ರಿಮೋಟನ್ನು ನಮ್ಮ ಕೈಗೆ ಕೊಟ್ಟರು. ವಿಮಾನ ಸ್ವಲ್ಪ ವಾಲಿದ ಕೂಡಲೇ ಗಾಬರಿಯಾಗಿ ಕಡ್ಡಿಯನ್ನು ಪೂರ್ತಿ ಎಳೆದೆವು. ಅದು ಇನ್ನೂ ವಾಲಿತು. ಆ ಕಡೆಗೆ ಎಳೆದರೆ ಈ ಕಡೆ, ಈ ಕಡೆಗೆ ಎಳೆದರೆ ಆ ಕಡೆ. ನಮ್ಮತ್ತ ತಿರುಗಿ ಬರುವಾಗಲಂತೂ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಉಪ್ಪ ಹಿಂದಿನಿಂದ ಮೆಲ್ಲಗೆ ಹೇಳಿದರು: "ಕೈ ಬಿಡು. ಅದಕ್ಕೆ ಹಾರಲು ಗೊತ್ತು." ಬಿಟ್ಟೆವು. ರೆಕ್ಕೆಯ ತುದಿಗಳನ್ನು ಮೇಲಕ್ಕೆ ಮಡಚಿ ಕಟ್ಟಿದ ವಿಮಾನ ಅದು. ಅಂಥದ್ದು ವಾಲಿದರೂ ತಾನೇ ಸರಿಯಾಗುತ್ತದೆ. ಎರಡು ಸಲ ತೂಗಿ ನೇರವಾಗಿ ಹೋಯಿತು.

ಹೊಸಬರು ವಿಮಾನ ಬೀಳಿಸುವುದು ಹೆಚ್ಚಾಗಿ ಕಡಿಮೆ ನಡೆಸಿ ಅಲ್ಲ, ಅತಿಯಾಗಿ ನಡೆಸಿ. ಮನೆಯ ಹಿರಿಯರ ವಿಷಯದಲ್ಲೂ ನಾವು ಮಾಡಿದ್ದು ಅದನ್ನೇ. ಪ್ರೀತಿಯಿಂದಲೇ ಮಾಡಿದೆವು. ಬಿಸಿಲು ಬೇಡ, ಏಣಿ ಬೇಡ, ಒಬ್ಬರೇ ಹೋಗಬೇಡಿ, ಜನ ನಗ್ತಾರೆ. ಒಂದೊಂದು 'ಬೇಡ'ವೂ ಸರಿಯೇ. ಒಟ್ಟು ಸೇರಿದರೆ ಮನುಷ್ಯ ಕುರ್ಚಿಗೆ ಅಂಟುತ್ತಾನೆ.

ಕಣ್ಣು ಮಂಜಾದವರಿಗೆ, ಕಿವಿ ಕೇಳದವರಿಗೆ ಇದೆಲ್ಲ ಹೇಗಾದೀತು ಎನ್ನುವವರಿಗೆ ಅಮೆರಿಕದ ಮೈನಾರ್ಡ್ ಹಿಲ್ ಅವರ ಉದಾಹರಣೆಯಿದೆ. ಅವರು ಬಾಲ್ಸಾ ಮರದಿಂದ ಕಟ್ಟಿದ, ಐದು ಕಿಲೋ ತೂಕದ ಸಣ್ಣ ಎಂಜಿನ್ ಇರುವ ಮಾದರಿ ವಿಮಾನ 2003ರ ಆಗಸ್ಟಿನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, ಸುಮಾರು 39 ಗಂಟೆ ಹಾರಿ, ಅಟ್ಲಾಂಟಿಕ್ ಸಾಗರ ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಆಗ ಹಿಲ್ ಅವರಿಗೆ 77 ವರ್ಷ. ಕಣ್ಣು ಬಹುಪಾಲು ಹೋಗಿತ್ತು, ಕಿವಿಯೂ ಮಂದವಾಗಿತ್ತು. ಬೆರಳುಗಳಿಂದ ಮುಟ್ಟಿ ಮುಟ್ಟಿ ಕಟ್ಟುತ್ತಿದ್ದರು.

ಹದ್ದು ತೋರಿದ ದಾರಿ

ಕಳೆದ ಚಳಿಗಾಲದ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆ. ಬರಿ ನೆಲ ಕಾದಾಗ ಅದರ ಮೇಲಿನ ಗಾಳಿ ಬಿಸಿಯಾಗಿ, ಹಗುರಾಗಿ, ಕಂಬದಂತೆ ಮೇಲೇಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಏರುವುದು ಆ ಗಾಳಿಯಲ್ಲೇ. ಮಳೆ ಕಡಿಮೆಯಿರುವ, ಮರ ಕಡಿಮೆಯಿರುವ ಈ ನೆಲ ಅದಕ್ಕೆ ಹೇಳಿ ಮಾಡಿಸಿದ್ದು. ಕರಾವಳಿಯಿಂದ ಬಂದಾಗ ನಾವು "ಏನಿಲ್ಲದ ಊರು" ಎಂದುಕೊಂಡಿದ್ದ ಬಯಲೇ ಈ ಕೆಲಸಕ್ಕೆ ವರವಾಯಿತು.

ವಿಮಾನ ಕಳಚಿಕೊಂಡು ಇಳಿಯತೊಡಗಿತ್ತು. ಹೊಲದ ಆಚೆ ಒಂದು ಹದ್ದು ಸುತ್ತುವುದನ್ನು ಉಪ್ಪ ಕಂಡರು. ವಿಮಾನವನ್ನು ಮೆಲ್ಲಗೆ ಅದರ ಕೆಳಗೆ ಒಯ್ದರು. ಒಂದು ರೆಕ್ಕೆ ಸ್ವಲ್ಪ ಎದ್ದಂತಾಯಿತು, ಆ ಕಡೆಗೇ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು. ಇಳಿಯಬೇಕಾದದ್ದು ಏರತೊಡಗಿತು. ಮಕ್ಕಳ ಕೂಗಾಟ ನಿಂತಿತು. ಹದ್ದು ಮೇಲೆ, ವಿಮಾನ ಕೆಳಗೆ, ಒಂದೇ ದಿಕ್ಕಿನಲ್ಲಿ ಸುತ್ತು. ಉಪ್ಪನ ತುಟಿಯಲ್ಲಿ "ಸುಬ್‌ಹಾನಲ್ಲಾಹ್" ಕೇಳಿತು. ಹನ್ನೊಂದು ನಿಮಿಷ ಕಳೆದ ಮೇಲೆ, "ಇನ್ನು ನನ್ನ ಕಣ್ಣಿಗೆ ಕಾಣದು" ಅಂತ ತಾವಾಗಿಯೇ ಇಳಿಸಿದರು. ತಮ್ಮ ಮಿತಿ ಅವರಿಗೆ ಗೊತ್ತಿತ್ತು. ನಾವು ಹೇಳಿಕೊಡಬೇಕಾಗಿರಲಿಲ್ಲ.

ಇಳಿದದ್ದು ಪಕ್ಕದವರ ಹೊಲದಲ್ಲಿ. ಯಜಮಾನರು ಎತ್ತಿಕೊಂಡು ಬಂದು ಕೊಟ್ಟು, "ಸಾಬ್ರೇ, ನಮ್ಮಪ್ಪನೂ ಮನ್ಯಾಗೆ ಸುಮ್ನೆ ಕುಂತವ್ನೆ. ನಾಳೆ ಕರ್ಕಂಡ್ ಬರ್ಲಾ?" ಅಂದರು. ಈಗ ಕುರ್ಚಿ ಎರಡಾಗಿದೆ.

ಆಸಕ್ತರಿಗೆ ಕೆಲವು ಮಾತು

ಸರಕಾರದ 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಲಾಗಿದೆ. ಡಿಜಿಟಲ್ ಸ್ಕೈ ಎಂಬ ಸರಕಾರಿ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಎಂದು ಮೊದಲು ನೋಡಿ, ಆಗಿನ ನಿಯಮ ತಿಳಿದುಕೊಳ್ಳಿ. ಟೆಸ್ಟ್ ರೇಂಜ್, ವಿಮಾನ ನಿಲ್ದಾಣದಂಥ ಕಡೆ ಸುಳಿಯಲೇಬೇಡಿ. ಕರೆಂಟಿನ ತಂತಿ, ರಸ್ತೆ, ಜನರ ತಲೆಯ ಮೇಲೆ ಬೇಡ. ಹೊಲದವರನ್ನು ಕೇಳಿಯೇ ಹೋಗಿ, ಬೆಳೆ ನಿಂತಿರುವಾಗ ಇಳಿಸಬೇಡಿ.

ಹಿರಿಯರ ಜೊತೆ ಒಬ್ಬರಿರಲಿ. ನೀರು, ಟೊಪ್ಪಿ, ಕುರ್ಚಿ ಬೇಕು. ನಡುಮಧ್ಯಾಹ್ನ ಬೇಡ, ಸೂರ್ಯನ ಕಡೆ ವಿಮಾನ ಒಯ್ಯಬೇಡಿ. ರೆಕ್ಕೆಯ ತಳಕ್ಕೆ ಕಪ್ಪು ಅಥವಾ ಕೆಂಪು ಪಟ್ಟಿ ಅಂಟಿಸಿದರೆ ದೂರಕ್ಕೂ ಕಾಣುತ್ತದೆ. ಬ್ಯಾಟರಿ ಚಾರ್ಜಿಗಿಟ್ಟು ಮಲಗಬೇಡಿ.

ದೀನಿನ ಮಿತಿಯೂ ನೆನಪಿರಲಿ. ನಮಾಝ್ ತಪ್ಪಬಾರದು, ಪಂದ್ಯ ಕಟ್ಟಬಾರದು, ದುಂದುವೆಚ್ಚ ಮಾಡಬಾರದು, ಯಾರಿಗೂ ತೊಂದರೆಯಾಗಬಾರದು. ಇದರೊಳಗೆ ನಿರ್ದೋಷವಾದ ಆಟಕ್ಕೆ ಅಡ್ಡಿಯಿಲ್ಲ. ಪ್ರವಾದಿ (ಸ) ಪತ್ನಿ ಆಯಿಶಾ (ರ) ಅವರೊಂದಿಗೆ ಓಟದ ಸ್ಪರ್ಧೆ ಮಾಡಿದ್ದು ಹದೀಸಿನಲ್ಲಿ ಬಂದಿದೆ.

ಎಲ್ಲರೂ ವಿಮಾನವನ್ನೇ ಕಟ್ಟಬೇಕೆಂದಿಲ್ಲ. ಒಬ್ಬರಿಗೆ ಬಲೆ ಹೆಣೆಯುವುದು, ಒಬ್ಬರಿಗೆ ಗಿಡ ನೆಡುವುದು, ಒಬ್ಬರಿಗೆ ಹಳೇ ರೇಡಿಯೋ ರಿಪೇರಿ. ನಿಮ್ಮ ಮನೆಯ ಹಿರಿಯರ ಕೈ ಒಂದು ಕಾಲದಲ್ಲಿ ಏನು ಮಾಡುತ್ತಿತ್ತು ಅಂತ ಇವತ್ತು ಕೇಳಿ ನೋಡಿ. ಕಪಾಟಿನ ಮೇಲೆ ನೀವು ಏನನ್ನಾದರೂ ಎತ್ತಿಟ್ಟಿದ್ದರೆ ಇಳಿಸಿಕೊಡಿ. ಅಲ್ಲಾಹು ನಮ್ಮೆಲ್ಲರ ಹಿರಿಯರಿಗೆ ಆರೋಗ್ಯವನ್ನೂ ಬರಕತ್ತಿರುವ ಬಿಡುವನ್ನೂ ಕರುಣಿಸಲಿ. ಆಮೀನ್.